ಅತ್ತಿಗೆ ಚೆಲ್ಲಿದ ಕಟ್ಟು

ನಾನು ಚಿಕ್ಕವನಿದ್ದಾಗ ಯಾರನ್ನೂ ನಂಬುತ್ತಿರಲಿಲ್ಲ. ಅಕ್ಕ ಬೆಲ್ಲದ ಅಚ್ಚನ್ನು ಎರಡು ಹೋಳು ಮಾಡಿ ಕೊಟ್ಟರೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ ಮೇಲೆಯೇ ಒಂದನ್ನು ಎತ್ತಿಕೊಳ್ಳುತ್ತಿದ್ದೆ. ನಾಳೆ ಪಾಠವಿಲ್ಲ, ಬರೀ ಆಟ ಎಂದು ಮೇಷ್ಟ್ರು ಹೇಳಿದರೆ ಇದರಲ್ಲೇನೋ ಇದೆ ಎಂದುಕೊಂಡು ಸ್ಲೇಟು ಬಳಪ ಹೊತ್ತುಕೊಂಡೇ ಹೋಗುತ್ತಿದ್ದೆ. ಅಜ್ಜಿ ನನ್ನನ್ನು ಅನುಮಾನದ ಪಿಂಡ ಎಂದು ಕರೆಯುತ್ತಿದ್ದಳು. ಅಜ್ಜಿಯೇನೂ ಕಡಿಮೆಯಿರಲಿಲ್ಲ. ನನ್ನ ಅನುಮಾನದ ಬುದ್ಧಿ ಅವಳಿಂದಲೇ ಬಂದದ್ದು ಎಂದು ನನಗೆ ಈಗಲೂ ಅನುಮಾನ.

ನಮ್ಮ ಮನೆ ಇದ್ದದ್ದು ಗುಬ್ಬಿ ತಾಲ್ಲೂಕಿನ ಚೇಳೂರಿನ ಹತ್ತಿರ. ಅಮ್ಮ ನಾನು ಕೂಸಾಗಿದ್ದಾಗಲೇ ತೀರಿಕೊಂಡಿದ್ದಳು. ಅಪ್ಪ, ಅಪ್ಪನ ತಾಯಿಯಾದ ಅಜ್ಜಿ, ಅಣ್ಣ, ಅಕ್ಕ ಮತ್ತು ನಾನು, ಇಷ್ಟೇ ಜನ. ಹೊಲದಲ್ಲಿ ರಾಗಿ, ರಾಗಿಯ ನಡುವಿನ ಸಾಲುಗಳಲ್ಲಿ ಅವರೆ, ಅಲಸಂದೆ, ಬದುವಿನ ಆಚೆ ಹುರುಳಿ. ವರ್ಷವಿಡೀ ಮನೆಯಲ್ಲಿ ಯಾವುದಾದರೊಂದು ಕಾಳು ಬೇಯುತ್ತಲೇ ಇರುತ್ತಿತ್ತು. ಶಾಲೆಯಿಂದ ಬರುವಾಗ ಬೀದಿಯ ತಿರುವಿನಲ್ಲೇ ಮೂಗು ಎತ್ತಿ, ಇವತ್ತು ಹುರುಳಿ, ಇವತ್ತು ಅವರೆ ಎಂದು ನಾನು ಹೇಳಿಬಿಡುತ್ತಿದ್ದೆ.

ಕಾಳು ಬೆಂದ ಮೇಲೆ ನೀರನ್ನು ಬಸಿಯುತ್ತಾರಲ್ಲ, ಆ ನೀರಿಗೆ ಕಟ್ಟು ಎನ್ನುತ್ತಾರೆ. ಸೊಪ್ಪು ಕಾಳು ಬಸಿದ ಕಟ್ಟಿಗೆ ಬೆಳ್ಳುಳ್ಳಿ, ಮೆಣಸಿನಕಾಯಿ, ತೆಂಗಿನಕಾಯಿ ಅರೆದು ಹಾಕಿ ಕುದಿಸಿದರೆ ಬಸ್ಸಾರು. ಉಳಿದ ಕಾಳಿಗೆ ಒಗ್ಗರಣೆ ಹಾಕಿದರೆ ಪಲ್ಯ. ಬಿಸಿ ರಾಗಿಮುದ್ದೆಯನ್ನು ಬಸ್ಸಾರಿನಲ್ಲಿ ಅದ್ದಿ ನುಂಗಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಕಾಳಿನ ಸಾರವೆಲ್ಲ ಕಟ್ಟಿನಲ್ಲೇ ಇರುತ್ತದೆ ಎಂಬುದು ಅಜ್ಜಿಯ ನಂಬಿಕೆ. ಕಟ್ಟು ಮಿಕ್ಕಿದರೆ ಅದು ಹಿತ್ತಿಲಿನ ಕಲ್ಲಿನ ಬಾನಿಗೆ ಹೋಗಬೇಕು. ಅಕ್ಕಿ ತೊಳೆದ ನೀರು, ಗಂಜಿ, ತರಕಾರಿ ಸಿಪ್ಪೆ ಎಲ್ಲ ಸೇರುವ ಆ ಬಾನಿಯ ಕಲಗಚ್ಚನ್ನು ನಮ್ಮ ಹಸು ಕುಡಿಯುತ್ತಿತ್ತು. ಒಂದು ತೊಟ್ಟು ಕಟ್ಟು ನೆಲಕ್ಕೆ ಚೆಲ್ಲಿದರೂ ಅಜ್ಜಿ ಇಡೀ ದಿನ ಗೊಣಗುತ್ತಿದ್ದಳು.

ಇಂಥ ಮನೆಗೆ ಅಣ್ಣನನ್ನು ಮದುವೆಯಾಗಿ ಅತ್ತಿಗೆ ಬಂದಳು. ಅವಳ ತವರು ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗದ ಕಡೆ. ಈಗ ನಿಮಗೆ ಅದು ಕಾರಿನಲ್ಲಿ ಹೋಗಿ ಬರುವ ದಾರಿ. ನನಗೆ ಆಗ ಅದು ಬೇರೆಯೇ ಸೀಮೆ. ಅತ್ತಿಗೆ ಮಾತು ಕಡಿಮೆ ಆಡುತ್ತಿದ್ದಳು. ಕಡಿಮೆ ಮಾತಾಡುವವರು ಏನನ್ನೋ ಬಚ್ಚಿಟ್ಟಿರುತ್ತಾರೆ ಎಂದು ನಾನು ತೀರ್ಮಾನಿಸಿದ್ದೆ. ಅದಕ್ಕಿಂತ ಹೆಚ್ಚಾಗಿ, ಒಲೆಯ ಪಕ್ಕದಲ್ಲಿ ಅಮ್ಮ ಕೂರುತ್ತಿದ್ದ ಜಾಗ ಎಂದು ಅಕ್ಕ ನನಗೆ ತೋರಿಸಿದ್ದ ಮೂಲೆಯಲ್ಲೇ ಅವಳು ಬಂದು ಕೂತಿದ್ದಳು. ಅದನ್ನು ನನಗೆ ಸಹಿಸಲಾಗಲಿಲ್ಲ.

ಅವಳ ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿ ಒಂದು ಬಟ್ಟೆಯ ಗಂಟಿತ್ತು. ನನಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಡಿ. ಗಂಟಿನೊಳಗೆ ಬೆಳ್ಳಗೆ ಹೊಳೆಯುವ ಕಾಳು. ಅವರೆಯ ಹಾಗಿತ್ತು, ಆದರೆ ಹುಣಸೆಬೀಜಕ್ಕಿಂತ ದಪ್ಪ. ಅಷ್ಟು ದೊಡ್ಡ ಕಾಳನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಜ್ಜಿಗೆ ಹೇಳಿದೆ. ಅಜ್ಜಿ ಕೇಳಿದ್ದಕ್ಕೆ ಅತ್ತಿಗೆ, ಅದು ತನ್ನ ತಾಯಿ ಬೇಲಿಯ ಮೇಲೆ ಹಬ್ಬಿಸಿದ್ದು, ಕಾಯಿ ಕತ್ತಿಯ ಹಾಗೆ ಉದ್ದಕ್ಕೆ ಬಾಗಿರುವುದರಿಂದ ಕತ್ತಿ ಅವರೆ ಎನ್ನುತ್ತಾರೆ, ಒಂದು ದಿನ ಪಲ್ಯ ಮಾಡಿ ಎಲ್ಲರಿಗೂ ಬಡಿಸುತ್ತೇನೆ ಎಂದಳು. ಅಜ್ಜಿ ಒಂದು ಕಾಳನ್ನು ಮೂಗಿನ ಹತ್ತಿರ ಹಿಡಿದು ನೋಡಿ ವಾಪಸು ಕೊಟ್ಟಳು.

ಆ ದಿನ ಚಳಿ ಜೋರಾಗಿತ್ತು. ಮುಂಜಾನೆ ನಾನು ಹಿತ್ತಿಲಲ್ಲಿ ನೀರೊಲೆಯ ಮುಂದೆ ಮೈ ಕಾಯಿಸಿಕೊಳ್ಳುತ್ತಾ ಕೂತಿದ್ದೆ. ಅತ್ತಿಗೆ ಹಿಂಬಾಗಿಲಿಂದ ಹೊರಗೆ ಬಂದಳು. ಕೈಯಲ್ಲಿದ್ದ ಪಾತ್ರೆಯನ್ನು ಸೆರಗಿನಲ್ಲಿ ಮರೆ ಮಾಡಿಕೊಂಡಿದ್ದಳು. ಹೊಗೆಯಲ್ಲಿ ನಾನು ಅವಳಿಗೆ ಕಾಣಲಿಲ್ಲ. ಆ ಕಡೆ ಈ ಕಡೆ ನೋಡಿ ಬಾನಿಯ ಹತ್ತಿರ ಬಂದಳು. ಹಸು ಕತ್ತು ಚಾಚಿತು. ಅತ್ತಿಗೆ ಅದರ ಮೂತಿಯನ್ನು ಕೈಯಿಂದ ಅತ್ತ ತಳ್ಳಿ, ಬಾನಿಯನ್ನು ದಾಟಿ ಮುಂದೆ ಹೋಗಿ, ಪಾತ್ರೆಯಲ್ಲಿದ್ದ ನೀರನ್ನೆಲ್ಲ ತಿಪ್ಪೆಗೆ ಸುರಿದಳು. ಆಮೇಲೆ ಕಾಲಿನಿಂದ ಅದರ ಮೇಲೆ ಬೂದಿ ಎಳೆದಳು.

ಅವಳು ಒಳಗೆ ಹೋದದ್ದೇ ತಡ, ಅಜ್ಜಿಯ ಹತ್ತಿರ ಓಡಿದೆ. ರಾತ್ರಿ ಕಾಳು ನೆನೆಹಾಕಿದ್ದ ನೀರು ಅದು ಎಂದು ಅಜ್ಜಿಗೆ ತಕ್ಷಣ ಗೊತ್ತಾಯಿತು.

"ಬಾನಿಗೂ ಹಾಕ್ನಿಲ್ವೇನ್ಲಾ?" ಎಂದು ಕೇಳಿದಳು.

ಇಲ್ಲ ಎಂದೆ. ಬೂದಿಯ ವಿಷಯವನ್ನೂ ಹೇಳಿದೆ. ಅಜ್ಜಿ ಬಾಯಲ್ಲಿದ್ದ ಎಲೆ ಅಡಿಕೆಯನ್ನು ನಿಧಾನವಾಗಿ ಜಗಿದಳು. ಮೂಕಪ್ರಾಣಿಗೂ ದಕ್ಕದ ಹಾಗೆ ಮನೆಯ ಸಿರಿಯನ್ನು ತಿಪ್ಪೆಗೆ ಸುರಿಯುವವಳು ಇನ್ನೇನೇನು ಮಾಡುತ್ತಾಳೋ ಎಂದಳು. ಯಾರಿಗೂ ಹೇಳಬೇಡ, ನಾನು ನೋಡಿಕೊಳ್ಳುತ್ತೇನೆ ಎಂದು ನನ್ನ ತಲೆ ಸವರಿದಳು. ಅವಳು ತಲೆ ಸವರುವುದು ಅಪರೂಪ. ಅದೂ ನನಗೆ ಸ್ವಲ್ಪ ಅನುಮಾನ ತಂದಿತು.

ಅತ್ತಿಗೆ ಕಾಳನ್ನು ಒಲೆಯ ಮೇಲಿಟ್ಟಳು. ನೆನೆದು ಉಬ್ಬಿದ್ದ ಕಾಳು ಒಂದೊಂದೂ ಹೆಬ್ಬೆರಳಿನ ತುದಿಯಷ್ಟಿತ್ತು. ಕುದಿ ಬಂದ ಮೇಲೆ ನೀರನ್ನು ಒಂದು ಪಾತ್ರೆಗೆ ಬಸಿದು, ಆರಲಿ ಎಂದು ಹಿಂಬಾಗಿಲ ಪಕ್ಕ ಇಟ್ಟಳು. ಅಷ್ಟರಲ್ಲಿ ಅಜ್ಜಿ ಅವಳನ್ನು ಕರೆದು, ಮೊದಲು ಬಾವಿಯಿಂದ ಎರಡು ಕೊಡ ನೀರು ತಾ ಎಂದು ಕಳಿಸಿದಳು. ಅತ್ತಿಗೆ ಅಂಗಳ ದಾಟಿದ ಕೂಡಲೇ ಅಜ್ಜಿ ಆ ಪಾತ್ರೆಯನ್ನು ಎತ್ತಿ, ಆಗಲೇ ದಂಟಿನ ಸೊಪ್ಪು ಬೇಯುತ್ತಿದ್ದ ತನ್ನ ಮಡಕೆಗೆ ಬಗ್ಗಿಸಿದಳು. ಖಾರ ಅರೆದು ಹಾಕಿದಳು. ಬೆಳ್ಳುಳ್ಳಿಯ ಘಮ ಮನೆಯೆಲ್ಲ ತುಂಬಿತು. ನೋಡಲು ಅದು ಎಂದಿನ ಬಸ್ಸಾರೇ. ಊಟ ಮಾಡಿದ ಮೇಲೆ, ನಿನ್ನ ಹೆಂಡತಿ ತಿಪ್ಪೆಗೆ ಚೆಲ್ಲುವ ಕಟ್ಟು ಇದೇ ನೋಡು ಎಂದು ಅಣ್ಣನಿಗೆ ಹೇಳುವ ಹಂಚಿಕೆ ಅವಳದು.

ಅತ್ತಿಗೆ ಬಂದು ನೋಡಿದಾಗ ಪಾತ್ರೆ ತೊಳೆದು ಬೋರಲು ಹಾಕಿತ್ತು. ತಿಪ್ಪೆಯ ಕಡೆ ನೋಡಿದಳು, ಹಿಂಬಾಗಿಲ ಹೊಸ್ತಿಲ ಮೇಲೆ ಕೂತಿದ್ದ ನನ್ನ ಕಡೆ ನೋಡಿದಳು. ನಾನು ಆಕಾಶ ನೋಡಿದೆ. ಆ ನೀರನ್ನು ನಾನೇ ತಿಪ್ಪೆಗೆ ಚೆಲ್ಲಿ ಬಂದೆ ಎಂದು ತಿಳಿದು ಅವಳು ನನ್ನನ್ನು ನೋಡಿ ನಕ್ಕಳು. ಆಮೇಲೆ ಕಾಳಿನ ಸಿಪ್ಪೆ ಸುಲಿದು, ಹೊಸ ನೀರು ಹಾಕಿ ಮತ್ತೆ ಬೇಯಿಸಿ, ಆ ನೀರನ್ನೂ ಬಸಿದು ಚೆಲ್ಲಿ, ಕಾಳಿಗೆ ಸಾಸಿವೆ, ಈರುಳ್ಳಿ, ತೆಂಗಿನತುರಿ ಹಾಕಿ ಪಲ್ಯ ಮಾಡಿದಳು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತೆವು. ಆಗ ಸೊಸೆಯಾದವಳು ಎಲ್ಲರ ಊಟ ಮುಗಿದ ಮೇಲೆ ಉಣ್ಣಬೇಕಿತ್ತು. ಅಜ್ಜಿ ಬಡಿಸುತ್ತಾ ಅಪ್ಪ, ಅಣ್ಣ, ಅಕ್ಕ ಎಲ್ಲರ ಕಿವಿಯಲ್ಲೂ, ಪಲ್ಯ ಮುಟ್ಟಬೇಡಿ, ಗೊತ್ತಿಲ್ಲದ ಕಾಳು ಎಂದು ಪಿಸುಗುಟ್ಟಿದಳು. ಸಾರನ್ನು ಮಾತ್ರ ಧಾರಾಳವಾಗಿ ಬಿಟ್ಟಳು. ಅಪ್ಪ ಬೆರಳು ನೆಕ್ಕಿ, ಸಾರು ಮಂದವಾಗಿ ಚೆನ್ನಾಗಿದೆ ಎಂದ. ಅಜ್ಜಿಯೂ ಒಂದು ಬಟ್ಟಲು ಹಾಕಿಕೊಂಡು ಕೂತಳು. ಕೂತು, ಒಬ್ಬೊಬ್ಬರ ಮುಖವನ್ನೂ ನೋಡಿ ಒಳಗೊಳಗೇ ನಗುತ್ತಿದ್ದಳು.

ನನಗೆ ಆ ನಗು ಹಿಡಿಸಲಿಲ್ಲ. ಅಜ್ಜಿ ಬಡಿಸುವಾಗ ನಗುವವಳೇ ಅಲ್ಲ. ಇದರಲ್ಲೇನೋ ಇದೆ ಎಂದುಕೊಂಡು, ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿ ಮುದ್ದೆಗೆ ಮಜ್ಜಿಗೆ ಹಾಕಿಸಿಕೊಂಡೆ. ಆದರೆ ಪಲ್ಯದ ವಿಷಯದಲ್ಲೂ ನನಗೆ ಅನುಮಾನ ಬಂತು. ಎಲ್ಲರಿಗೂ ಬೇಡ ಎನ್ನುವುದು ಏಕೆ? ಅಜ್ಜಿ ಒಬ್ಬಳೇ ಆಮೇಲೆ ತಿನ್ನುವುದಕ್ಕೆ ಇರಬೇಕು. ಹಾಗಾಗಿ ಕೈ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ನುಗ್ಗಿ ಎರಡು ಹಿಡಿ ಪಲ್ಯ ಬಾಯಿಗೆ ತುಂಬಿಕೊಂಡೆ. ಬೇಯಿಸಿದ ಕಡಲೆಕಾಯಿಯ ಹಾಗೆ ಹಿಟ್ಟುಹಿಟ್ಟಾಗಿ, ಕಾಯಿತುರಿಯ ಸಿಹಿ ಸೇರಿ ಬಲು ರುಚಿಯಾಗಿತ್ತು.

ಹೊತ್ತು ಸ್ವಲ್ಪ ಇಳಿಯುವಷ್ಟರಲ್ಲಿ, ಅತ್ತಿಗೆ ಇನ್ನೂ ಉಣ್ಣಲು ಕೂರುವ ಮೊದಲೇ, ಜಗಲಿಯ ಕಂಬ ಹಿಡಿದುಕೊಂಡು ಅಪ್ಪ ಓಕರಿಸತೊಡಗಿದ. ಹಿಂದೆಯೇ ಅಣ್ಣ ಹಿತ್ತಿಲಿಗೆ ಓಡಿದ. ಅಕ್ಕ ತಲೆ ತಿರುಗುತ್ತದೆ ಎಂದು ಗೋಡೆಗೆ ಒರಗಿದಳು. ಕೊನೆಗೆ ಅಜ್ಜಿ. ಅತ್ತಿಗೆ ಚೊಂಬು ಹಿಡಿದು ಒಬ್ಬರಿಂದ ಒಬ್ಬರಿಗೆ ಓಡಾಡಿದಳು, ಎಳನೀರು ಕೆತ್ತಿ ಕೊಟ್ಟಳು, ಅಜ್ಜಿಯ ಹಣೆ ಹಿಡಿಯಲು ಹೋದಳು. ಅಜ್ಜಿ ಅವಳ ಕೈಯನ್ನು ಕಿತ್ತೆಸೆದಳು.

ಕಾಳಿನ ಹಬೆ ಸಾರಿಗೆ ಬಡಿದಿದೆ ಎಂದಳು ಅಕ್ಕ. ಹಬೆಯಲ್ಲ, ಏನೋ ಬೆರೆಸಿದ್ದಾಳೆ, ಬೆಳಿಗ್ಗೆಯಿಂದ ಕದ್ದು ಕದ್ದು ಓಡಾಡುತ್ತಿದ್ದಳು, ಕೂಸು ಕಣ್ಣಾರೆ ನೋಡಿದೆ ಎಂದಳು ಅಜ್ಜಿ. ತಾನೇ ಸುರಿದ ನೀರಿನ ಮೇಲೆ ಅಜ್ಜಿಗೆ ಅನುಮಾನವೇ ಬರಲಿಲ್ಲ. ಕಟ್ಟಿನಿಂದ ಕೆಡುಕಾಗುತ್ತದೆ ಎಂಬುದು ಅವಳ ಆಯಸ್ಸಿನಲ್ಲೇ ಕೇಳಿರದ ಮಾತು. ಅಪ್ಪ ಬಾಯಿ ಒರೆಸಿಕೊಂಡು, ಸಂಜೆಯ ಬಸ್ಸಿಗೆ ಇವಳನ್ನು ತವರಿಗೆ ಬಿಟ್ಟು ಬಾ ಎಂದು ಅಣ್ಣನಿಗೆ ಹೇಳಿದ. ಮತ್ತೆ ಯಾವಾಗ ಕರೆತರಬೇಕು ಎಂದು ಅಣ್ಣ ಕೇಳಲಿಲ್ಲ, ಅಪ್ಪ ಹೇಳಲೂ ಇಲ್ಲ. ಅಣ್ಣ ಒಳಗಿನಿಂದ ಟ್ರಂಕು ತಂದು ಜಗಲಿಯ ಮೇಲಿಟ್ಟ. ಅತ್ತಿಗೆ ಗೋಡೆಯ ಪಕ್ಕ ನಿಂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ತಾನು ಬೇಯಿಸಿದ ಪಲ್ಯವನ್ನು ಯಾರೂ ಮುಟ್ಟಿಲ್ಲವೆಂದು ಅವಳಿಗೆ ಗೊತ್ತಿರಲಿಲ್ಲ. ಬೇಯಿಸುವುದರಲ್ಲಿ ತನ್ನಿಂದಲೇ ಏನೋ ತಪ್ಪಾಯಿತು ಎಂದುಕೊಂಡಿದ್ದಳು.

ಇತ್ತ ನಾನು ಅಂಗಳದ ಹುಣಸೆಮರದ ಕೆಳಗೆ ಮಲಗಿ ಸಾವಿಗೆ ಕಾಯುತ್ತಿದ್ದೆ. ಸಾರು ತಿಂದವರಿಗೇ ಹೀಗಾದರೆ, ಆ ಕಾಳನ್ನೇ ಎರಡು ಹಿಡಿ ತಿಂದ ನನ್ನ ಗತಿ ಏನು? ಹೊಟ್ಟೆ ಒತ್ತಿ ನೋಡಿಕೊಂಡೆ. ನಾಲಿಗೆ ಹೊರಗೆ ಚಾಚಿ ಕಣ್ಣು ವಾರೆ ಮಾಡಿ ಬಣ್ಣ ನೋಡಿದೆ. ನನ್ನ ಗೋಲಿಗಳನ್ನು ಯಾರು ತೆಗೆದುಕೊಳ್ಳುತ್ತಾರೋ ಎಂದು ದುಃಖಪಟ್ಟೆ. ಎಷ್ಟು ಹೊತ್ತು ಕಾದರೂ ವಾಂತಿ ಬರಲಿಲ್ಲ, ತಲೆ ತಿರುಗಲಿಲ್ಲ. ಬದಲಿಗೆ ಹಸಿವಾಯಿತು.

ಹಸಿವಾದ ಮೇಲೆ ತಲೆ ಓಡಿತು. ಕಾಳು ತಿಂದ ನಾನು ಗಟ್ಟಿಯಾಗಿದ್ದೇನೆ. ಕಾಳು ಮುಟ್ಟದವರು ಮಲಗಿದ್ದಾರೆ. ಅವರು ತಿಂದು ನಾನು ತಿನ್ನದೆ ಇದ್ದದ್ದು ಸಾರೊಂದೇ. ಆ ಸಾರಿಗೆ ಅಜ್ಜಿ ಬಗ್ಗಿಸಿದ್ದು ಅದೇ ನೀರು. ನಾನು ಎದ್ದು ಅಡುಗೆಮನೆಗೆ ಹೋಗಿ ಪಲ್ಯದ ಪಾತ್ರೆಯನ್ನೇ ಹೊತ್ತು ಜಗಲಿಗೆ ತಂದೆ. ಎಲ್ಲರ ಮುಂದೆ ಕೂತು ಒಂದು ಹಿಡಿ ತಿಂದೆ. ಅಕ್ಕ ಕಿಟಾರನೆ ಕಿರುಚಿದಳು. ಅಪ್ಪ ಪಾತ್ರೆ ಕಿತ್ತುಕೊಂಡ.

"ಆಗ್ಲೇ ತಿಂದಿದ್ದೆ ಕಣಪ್ಪ. ನಂಗೇನೂ ಆಗ್ನಿಲ್ಲ" ಎಂದೆ. ಆಮೇಲೆ ಅಜ್ಜಿಯ ಕಡೆ ತಿರುಗಿ ಕೇಳಿದೆ. "ಅಜ್ಜಿ, ಸಾರಿಗೆ ಯಾವ್ ನೀರು ಹಾಕ್ದೆ ಹೇಳು."

ಅಜ್ಜಿ ನನ್ನನ್ನು ನೋಡಿದಳು. ನಾನು ಹಿಂಬಾಗಿಲಲ್ಲಿ ಕೂತು ನೋಡುತ್ತಿದ್ದೆ ಎಂಬುದು ಅವಳಿಗೆ ನೆನಪಿತ್ತು. ಚಿಕ್ಕ ಹುಡುಗನ ಮಾತು ಎಂದು ತಳ್ಳಿಹಾಕಬಹುದಿತ್ತು. ಮನೆಯಲ್ಲಿ ಅವಳಿಗೆ ಎದುರು ಮಾತಾಡುವವರು ಯಾರೂ ಇರಲಿಲ್ಲ. ಟ್ರಂಕು ಹೊರಗಿತ್ತು, ಬಸ್ಸು ಬರುವ ಹೊತ್ತಾಗಿತ್ತು. ನನಗೆ ಆಗ ನಿಜವಾಗಿ ಹೆದರಿಕೆಯಾಯಿತು, ಅಜ್ಜಿ ಸುಳ್ಳು ಹೇಳಿಬಿಟ್ಟರೆ ಎಂದು.

"ಆ ಕಾಳಿನ್ ಕಟ್ಟು" ಎಂದಳು ಅಜ್ಜಿ. "ನಾನೇ ಎತ್ತಿ ಬಗ್ಗಿಸ್ದೆ."

ಅತ್ತಿಗೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಕಣ್ಣಲ್ಲಿ ನೀರು ಬಂತು. ಆಮೇಲೆ ಮೆಲ್ಲಗೆ ಹೇಳಿದಳು. ಆ ಕಾಳಿನ ನಂಜೆಲ್ಲ ನೀರಿಗೆ ಇಳಿಯುತ್ತದೆ. ನೆನೆಸಿದ ನೀರು ಚೆಲ್ಲಬೇಕು, ಬೇಯಿಸಿದ ನೀರು ಚೆಲ್ಲಬೇಕು, ಸಿಪ್ಪೆ ತೆಗೆದು ಮತ್ತೆ ಬೇಯಿಸಿದ ನೀರನ್ನೂ ಚೆಲ್ಲಬೇಕು. ಆಮೇಲೆ ಕಾಳು ಮೈಗೆ ಒಳ್ಳೆಯದು. ಅವಳ ತಾಯಿ ಹಾಗೆ ಕಲಿಸಿದ್ದಳು. ಕಟ್ಟು ಚೆಲ್ಲುತ್ತೇನೆ ಎಂದರೆ ಈ ಮನೆಯಲ್ಲಿ ಬೈಯುತ್ತಾರೆ ಎಂದು ಹೆದರಿ ಯಾರಿಗೂ ಹೇಳದೆ ಚೆಲ್ಲಿದ್ದಳು.

ಅಪ್ಪನಿಗೆ ಇನ್ನೂ ಪೂರ್ತಿ ಅನುಮಾನ ಹೋಗಿರಲಿಲ್ಲ. ಚೆಲ್ಲುವುದಾದರೆ ಬಾನಿಗೆ ಹಾಕಬಹುದಿತ್ತಲ್ಲ, ತಿಪ್ಪೆಯವರೆಗೆ ಹೋಗಿ ಬೂದಿ ಮುಚ್ಚುವಂಥದ್ದು ಏನಿತ್ತು ಎಂದು ಕೇಳಿದ.

"ಹಸ ಗಬ್ಬ ಐತಲ್ಲ ಮಾವ" ಎಂದಳು ಅತ್ತಿಗೆ. "ಕೋಳಿ ಕುಡ್ದಾವು ಅಂತ ಬೂದಿ ಎಳ್ದೆ."

ಅಪ್ಪ ಎಷ್ಟೋ ಹೊತ್ತು ಹಿತ್ತಿಲಿನ ಕಡೆ ನೋಡುತ್ತಾ ಕೂತ. ಗಬ್ಬವಾಗಿದ್ದ ಆ ಹಸುವಿನ ಮೇಲೆ ಅವನಿಗೆ ನಮ್ಮೆಲ್ಲರಿಗಿಂತ ಹೆಚ್ಚು ಪ್ರೀತಿ. ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಅಣ್ಣ ಅಪ್ಪನ ಮುಖ ನೋಡಿದ.

"ಟ್ರಂಕು ಒಳಿಕ್ ಮಡಗ್ಲಾ" ಎಂದ ಅಪ್ಪ.

ಅಣ್ಣ ಟ್ರಂಕು ಎತ್ತಿಕೊಂಡು ಹೋದ. ಎಲ್ಲರಿಗೂ ಮಾರನೆಯ ದಿನದ ಹೊತ್ತಿಗೆ ಹೊಟ್ಟೆ ಸರಿಹೋಯಿತು. ಅತ್ತಿಗೆಯ ಮೇಲೆ ನಾನು ಇಟ್ಟಿದ್ದ ಕಣ್ಣನ್ನು ಅಜ್ಜಿಯ ಮೇಲೆ ಇಟ್ಟೆ. ತಪ್ಪಾಯಿತು ಎಂದು ಅಜ್ಜಿ ಹೇಳುತ್ತಾಳೆ ಎಂದು ಕಾದೆ. ಅವಳು ಹೇಳಲಿಲ್ಲ. ಆದರೆ ಎರಡು ದಿನ ಕಳೆದು, ಒಲೆಯ ಮೇಲಿಂದ ಹುರುಳಿಯ ಮಡಕೆ ಇಳಿಸಿದವಳು ಬಸಿಯುವ ಮೊದಲು ಕೈ ತಡೆದು ಅತ್ತಿಗೆಯನ್ನು ಕರೆದಳು.

"ಇದ್ರ ನೀರು ಇಡಾದೇನವ್ವ, ಚೆಲ್ಲಾದಾ?"

ಹುರುಳಿಕಟ್ಟು ಅಜ್ಜಿಗೆ ಹುಟ್ಟಿದಾಗಿನಿಂದ ಗೊತ್ತು. ಆದರೂ ಕೇಳಿದಳು. ಅತ್ತಿಗೆ ನಾಚಿಕೊಂಡು, ಇಡೋದು ಅಜ್ಜಿ ಎಂದಳು. ಅಂದಿನಿಂದ ಅವರೆಯಾಗಲಿ, ಅಲಸಂದೆಯಾಗಲಿ, ಅಜ್ಜಿ ಇರುವವರೆಗೂ ಪ್ರತಿಸಲ ಕೇಳುತ್ತಿದ್ದಳು. ಅತ್ತಿಗೆ ಪ್ರತಿಸಲ ಉತ್ತರ ಕೊಡುತ್ತಿದ್ದಳು. ಒಲೆಯ ಪಕ್ಕದ ಮೂಲೆಯಲ್ಲಿ ಅವಳು ಕೂತದ್ದು ನನಗೆ ಆಮೇಲೆ ಚುಚ್ಚಲಿಲ್ಲ. ನಾನೇ ಅಲ್ಲಿಗೆ ಹೋಗಿ ಅವಳ ಪಕ್ಕ ಕೂರುತ್ತಿದ್ದೆ.

ಕಾಳಿನೊಳಗೆ ನಂಜು ಯಾಕೆ ಇರುತ್ತದೆ ಎಂದು ಒಂದು ದಿನ ಅಲ್ಲೇ ಕೂತು ಕೇಳಿದ್ದೆ. ಕಾಳು ಅಂದರೆ ಗಿಡ ತನ್ನ ಮೊಳಕೆಗೆ ಕಟ್ಟಿಟ್ಟ ಬುತ್ತಿ, ಹುಳ ಹುಪ್ಪಟೆ ಕದಿಯಬಾರದು ಎಂದು ಒಳಗೆ ನಂಜು ಇಟ್ಟಿರುತ್ತದೆ, ಅದಕ್ಕೂ ನಿನ್ನ ಹಾಗೆ ಅನುಮಾನ ಎಂದು ಅತ್ತಿಗೆ ನನ್ನ ಮೂಗು ಹಿಂಡಿದಳು. ನೆನೆಸಿ, ಮೊಳಕೆ ಬರಿಸಿ, ಚೆನ್ನಾಗಿ ಬೇಯಿಸಿದರೆ ಕಾಳು ಅನುಮಾನ ಬಿಟ್ಟು ಬುತ್ತಿ ಬಿಚ್ಚಿಕೊಡುತ್ತದಂತೆ. ಕೆಲವು ಕಾಳು ಬೇಗ ಬಿಡುತ್ತವೆ, ಕೆಲವು ಹಟ ಮಾಡುತ್ತವೆ ಎಂದಳು.

ಈಗ ನಾನು ತುಮಕೂರಿನಲ್ಲಿ ಮಗನ ಮನೆಯಲ್ಲಿದ್ದೇನೆ. ಅವನು ದಿನವೂ ಬಿದರೆಹಳ್ಳಿ ಕಾವಲಿನ ಕಾರ್ಖಾನೆಗೆ ಹೋಗುತ್ತಾನೆ, ಸೊಸೆ ಶಾಲೆಯಲ್ಲಿ ಟೀಚರ್. ನಮ್ಮಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತೇವೆ. ಸೊಸೆ ಕೊನೆಗೆ ಉಣ್ಣುವುದು ಎಂಬ ಮಾತು ಕೇಳಿದರೆ ಮೊಮ್ಮಕ್ಕಳು ನನ್ನನ್ನೇ ದುರುಗುಟ್ಟಿ ನೋಡುತ್ತಾರೆ. ಹಿತ್ತಿಲಿಲ್ಲ, ತಿಪ್ಪೆಯಿಲ್ಲ, ಬಾನಿಯೂ ಇಲ್ಲ. ಕುಕ್ಕರಿನ ಸೀಟಿ ಎಣಿಸುವುದೇ ಅಡುಗೆ. ನಾವು ಮನೆಗೆ ಬಂದವರನ್ನು ಅನುಮಾನಿಸುತ್ತಿದ್ದೆವು, ಕಾಳನ್ನು ಕಣ್ಣು ಮುಚ್ಚಿ ನಂಬುತ್ತಿದ್ದೆವು. ನನ್ನ ಮೊಮ್ಮಗಳು ಯಾರ ಮನೆಗೆ ಹೋದರೂ ನಗುನಗುತ್ತಾ ಬೆರೆಯುತ್ತಾಳೆ, ತಟ್ಟೆಗೆ ಬಂದದ್ದನ್ನು ಮಾತ್ರ ನಂಬುವುದಿಲ್ಲ.

ಮೊನ್ನೆ ಅವಳು ಮೊಬೈಲ್ ಹಿಡಿದುಕೊಂಡು ಬಂದು, ತಾತ, ಕಾಳಿನಲ್ಲೆಲ್ಲ ಲೆಕ್ಟಿನ್ ಇದೆಯಂತೆ, ಫೈಟೇಟ್ ಇದೆಯಂತೆ, ಎರಡೂ ಮೈಗೆ ಆಗಲ್ವಂತೆ, ನಾನು ಇನ್ನು ಮೇಲೆ ಬಸ್ಸಾರು ತಿನ್ನಲ್ಲ ಎಂದಳು. ತನ್ನ ಅಕ್ಕ ಹೇಳಿದ್ದಕ್ಕೆಲ್ಲ ಹೂಂಗುಟ್ಟುವ ಮೊಮ್ಮಗನೂ ತಟ್ಟೆ ಸರಿಸಿದ. ನನಗೆ ಸಿಟ್ಟು ಬರಲಿಲ್ಲ. ಅನುಮಾನದ ಪಿಂಡ ನಮ್ಮ ವಂಶದಲ್ಲಿ ಉಳಿದುಕೊಂಡಿದೆಯಲ್ಲ ಎಂದು ಸಂತೋಷವೇ ಆಯಿತು. ಇಬ್ಬರನ್ನೂ ಕೂರಿಸಿಕೊಂಡು ಈ ಕಥೆ ಹೇಳಿದೆ.

ಕೇಳಿದ ಮೇಲೂ ಮೊಮ್ಮಗಳ ಮುಖದಲ್ಲಿ ಅನುಮಾನ ಇತ್ತು. ಅಡುಗೆಮನೆಗೆ ಹೋಗಿ, ಕುಕ್ಕರಿನಲ್ಲಿ ಬೆಂದಿದ್ದ ಕಾಳಿನ ಮುಚ್ಚಳ ತೆಗೆದು ನೋಡಿದಳು. ಆಮೇಲೆ ಚೇಳೂರಿಗೆ ಫೋನ್ ಮಾಡಿದಳು. ಅಲ್ಲಿ ಅಣ್ಣನ ಜೊತೆ ಅತ್ತಿಗೆ ಈಗಲೂ ಇದ್ದಾಳೆ. ಕೈ ನಡುಗುತ್ತದೆ, ಆದರೂ ಬೇಲಿಯ ಮೇಲೆ ಕತ್ತಿ ಅವರೆ ಹಬ್ಬಿಸುವುದನ್ನು ಬಿಟ್ಟಿಲ್ಲ.

"ದೊಡ್ಡಜ್ಜಿ, ಕಾಳು ಬೇಯಿಸಿದ ನೀರು ಇಡೋದಾ, ಚೆಲ್ಲೋದಾ?" ಎಂದು ಕೇಳಿದಳು.

ಆ ಮಾತು ಕೇಳಿ ಅತ್ತಿಗೆ ನಕ್ಕದ್ದು ಫೋನಿನಲ್ಲಿ ನನಗೂ ಕೇಳಿಸಿತು. ಅವಳಿಗೆ ಯಾರ ನೆನಪಾಯಿತು ಎಂದು ನನಗೆ ಗೊತ್ತಾಯಿತು.

"ಯಾವ್ ಕಾಳು ಅಂತ ಮೊದ್ಲು ಹೇಳವ್ವ" ಎಂದಳು.